ಬೆಲೆ ಇಳಿಸಿಕೊಂಡು ಬಂದ ಬರಹಗಾರ

1994ರಲ್ಲಿ ನ್ಯೂ ಲೈನ್ ಸಿನಿಮಾ ಎಂಬ ಅಮೆರಿಕದ ಕಂಪನಿ ಒಂದು ಚಿತ್ರಕಥೆಗೆ 40 ಲಕ್ಷ ಡಾಲರ್ ಕೊಟ್ಟಿತು. ನಟರಿಲ್ಲ, ಕ್ಯಾಮೆರಾ ಇಲ್ಲ, ಬರೀ ಕಾಗದದ ಮೇಲಿದ್ದ ಕಥೆಗೆ ಅಷ್ಟು ದುಡ್ಡು. ಆಗಿನ ವಿನಿಮಯ ದರದಲ್ಲಿ ಅದು 12 ಕೋಟಿ ರೂಪಾಯಿಗೂ ಮೇಲೆ. ಅಷ್ಟು ಕೊಟ್ಟಿದ್ದರೆ ಗಾಂಧಿನಗರದವರು ಸಾಲಾಗಿ ಎಷ್ಟೋ ಸಿನಿಮಾ ತೆಗೆದು, ಪ್ರತಿ ಮುಹೂರ್ತಕ್ಕೂ ಹೋಳಿಗೆ ಊಟ ಹಾಕಿಸುತ್ತಿದ್ದರು. ಬರೆದವನ ಹೆಸರು ಶೇನ್ ಬ್ಲ್ಯಾಕ್, ವಯಸ್ಸು 32. ಅದಕ್ಕೂ ಮುಂಚೆ ಹಾಲಿವುಡ್‌ನಲ್ಲಿ ಯಾರಿಗೂ ಒಂದು ಚಿತ್ರಕಥೆಗೆ ಅಷ್ಟು ಸಿಕ್ಕಿರಲಿಲ್ಲ. ಆ ಸಿನಿಮಾ, 'ದಿ ಲಾಂಗ್ ಕಿಸ್ ಗುಡ್‌ನೈಟ್', 1996ರ ಅಕ್ಟೋಬರ್‌ನಲ್ಲಿ ತೆರೆಕಂಡಿತು. ಆಮೇಲೆ ಒಂಬತ್ತು ವರ್ಷ ಬ್ಲ್ಯಾಕ್ ಬರೆದ ಹೊಸ ಸಿನಿಮಾ ಒಂದೂ ಬರಲಿಲ್ಲ. 1998ರ 'ಲೆಥಲ್ ವೆಪನ್ 4'ರಲ್ಲಿ ಆತನ ಹೆಸರೇನೋ ಇದೆ. ಅದು ಈ ಪಾತ್ರಗಳನ್ನು ಹುಟ್ಟಿಸಿದವನು ಎಂಬ ಹಳೇ ಋಣಕ್ಕೆ ಹಾಕಿದ ಕಾರ್ಡು.

ನಾನು ಧಾರಾವಾಹಿಗಳಿಗೆ ಸಂಭಾಷಣೆ ಬರೆದು ಮನೆ ನಡೆಸುವವಳು. ರಾತ್ರಿಯೊಳಗೆ ಮರುದಿನದ ಸೀನ್‌ಗಳು ವಾಟ್ಸಾಪ್‌ನಲ್ಲಿ ಹೋಗದಿದ್ದರೆ ಬೆಳಗ್ಗೆ ಅತ್ತೆ ಪಾತ್ರದವರು ರೇಷ್ಮೆ ಸೀರೆ ಉಟ್ಟು, ಮೇಕಪ್ ಮಾಡಿಕೊಂಡು ಸೆಟ್ಟಿನಲ್ಲಿ ಸುಮ್ಮನೆ ಕೂತಿರುತ್ತಾರೆ. ಬರೆಯುವವರು ಜ್ವರ ಬಂದು ಮಲಗಿದರೆ ಇನ್ನೊಬ್ಬರನ್ನು ಕರೆಸುತ್ತಾರೆ. ಅತ್ತೆಯ ಬಾಯಲ್ಲಿ ಅದೇ ಬೈಗುಳ ಅದೇ ಧಾಟಿಯಲ್ಲಿ ಮುಂದುವರಿಯುತ್ತದೆ, ನೋಡುವವರಿಗೆ ಗೊತ್ತೇ ಆಗುವುದಿಲ್ಲ. ನಾಯಕಿ ಒಂದು ವಾರ ಕಾಣದಿದ್ದರೆ ಮಾತ್ರ ಊರೆಲ್ಲ ವಿಚಾರಿಸುತ್ತದೆ. ಹಾಗಾಗಿ ಬರಹಗಾರನೊಬ್ಬ ಚಿತ್ರರಂಗದಿಂದ ಕಾಣೆಯಾಗಿದ್ದ, ಮತ್ತೆ ಬಂದ ಎಂದರೆ ನನಗೆ ಕುತೂಹಲ. ಹೋದದ್ದು ಗೊತ್ತಾಗಬೇಕಾದರೆ ಮೊದಲು ಇದ್ದದ್ದು ಗೊತ್ತಿರಬೇಕಲ್ಲ. ಬ್ಲ್ಯಾಕ್ ಇದ್ದಾನೆ ಎಂಬುದು ಅಮೆರಿಕದಲ್ಲಿ ಸಿನಿಮಾ ಸುದ್ದಿ ಓದುವವರಿಗೆಲ್ಲ ಗೊತ್ತಿತ್ತು, ಕಥೆಗಿಂತ ಹೆಚ್ಚಾಗಿ ಕಥೆಯ ಬೆಲೆಯಿಂದ. ಆತ ದೂರ ಸರಿಯುವುದಕ್ಕೂ ಆ ಬೆಲೆಯೇ ಕಾರಣವಾಯಿತು, ಮರಳಿ ಬರುವಾಗ ಅದನ್ನು ಇಳಿಸಿಕೊಂಡೇ ಬರಬೇಕಾಯಿತು ಎಂದು ನನ್ನ ಲೆಕ್ಕ.

ಬ್ಲ್ಯಾಕ್ ಹುಟ್ಟಿದ್ದು 1961ರಲ್ಲಿ, ಪೆನ್ಸಿಲ್ವೇನಿಯಾದ ಪಿಟ್ಸ್‌ಬರ್ಗ್‌ನಲ್ಲಿ. ಹೈಸ್ಕೂಲಿನ ವಯಸ್ಸಿಗೆ ಮನೆಯವರ ಜೊತೆ ಕ್ಯಾಲಿಫೋರ್ನಿಯಾದ ಫುಲರ್ಟನ್‌ಗೆ ಬಂದ. ಹುಡುಗನಾಗಿದ್ದಾಗಿನಿಂದ ಅಗ್ಗದ ಪತ್ತೇದಾರಿ ಪುಸ್ತಕಗಳ ಹುಚ್ಚು. ಎನ್. ನರಸಿಂಹಯ್ಯನವರ ಕಾದಂಬರಿಗಳನ್ನು ಪಠ್ಯಪುಸ್ತಕದ ಒಳಗಿಟ್ಟುಕೊಂಡು ಓದಿದ ತಲೆಮಾರಿಗೆ ಈ ಚಟದ ಬಗ್ಗೆ ವಿವರಿಸಬೇಕಾಗಿಲ್ಲ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಓದಿದ್ದು ರಂಗಭೂಮಿ. ಅಲ್ಲಿ ಗೆಳೆಯ ಫ್ರೆಡ್ ಡೆಕರ್ ಬರೆದಿದ್ದ ಚಿತ್ರಕಥೆ ಓದಿ, ಇದನ್ನು ತಾನೂ ಮಾಡಬಹುದಲ್ಲ ಅನ್ನಿಸಿತಂತೆ. ಇಪ್ಪತ್ತಮೂರರ ಆಸುಪಾಸಿನಲ್ಲಿ, ಸುಮಾರು ಆರು ವಾರ ಕೂತು ಬರೆದದ್ದು 'ಲೆಥಲ್ ವೆಪನ್'. ಹೆಂಡತಿಯನ್ನು ಕಳೆದುಕೊಂಡು ಸಾಯಲು ಹಾತೊರೆಯುವ ಒಬ್ಬ ಪೊಲೀಸ್, ಆಗಷ್ಟೇ ಐವತ್ತು ತುಂಬಿ ಹೆಂಡತಿ ಮಕ್ಕಳೊಂದಿಗೆ ನೆಮ್ಮದಿಯಾಗಿರಲು ಬಯಸುವ ಇನ್ನೊಬ್ಬ ಪೊಲೀಸ್. ಇಬ್ಬರನ್ನೂ ಒಂದೇ ಕಾರಿನಲ್ಲಿ ಕೂರಿಸಿದರೆ ಆಗುವ ಜಗಳವೇ ಸಿನಿಮಾ. ವಾರ್ನರ್ ಬ್ರದರ್ಸ್ ಅದಕ್ಕೆ 2.5 ಲಕ್ಷ ಡಾಲರ್ ಕೊಟ್ಟಿತು. 1987ರಲ್ಲಿ ಮೆಲ್ ಗಿಬ್ಸನ್, ಡ್ಯಾನಿ ಗ್ಲೋವರ್ ನಟಿಸಿ, ರಿಚರ್ಡ್ ಡಾನರ್ ನಿರ್ದೇಶಿಸಿ ಬಂದಾಗ ಸುಮಾರು 1.5 ಕೋಟಿ ಡಾಲರ್ ಹಾಕಿ ತೆಗೆದ ಚಿತ್ರ ಜಗತ್ತಿನಾದ್ಯಂತ 12 ಕೋಟಿ ಗಳಿಸಿತು.

ಇಲ್ಲಿ ಒಂದು ವ್ಯತ್ಯಾಸ ಹೇಳಬೇಕು. ನಮ್ಮ ಕಡೆ ಕಥೆಯನ್ನು ಬಾಯಲ್ಲಿ ಹೇಳಿ ಒಪ್ಪಿಸುವುದು ರೂಢಿ. ನಿರ್ಮಾಪಕರ ಎದುರು ಕೂತು ಎರಡು ಗಂಟೆ ನರೇಶನ್ ಕೊಡಬೇಕು. ಹೊಡೆದಾಟ ಬಂದರೆ ಕೈಬೀಸಬೇಕು, ತಾಯಿ ಸೆಂಟಿಮೆಂಟ್ ಬಂದರೆ ಕಣ್ಣಲ್ಲಿ ನೀರು ತರಿಸಬೇಕು. ಅಡ್ವಾನ್ಸ್ ಕೈಗೆ ಬಂದ ಮೇಲೆ ಬರೆಯುವುದು. ಹಾಲಿವುಡ್‌ನಲ್ಲಿ ಸ್ಪೆಕ್ ಸ್ಕ್ರಿಪ್ಟ್ ಎಂಬ ಪದ್ಧತಿ ಇದೆ. ಯಾರೂ ಕೇಳದೆ, ಯಾರೂ ಕಾಸು ಕೊಡದೆ, ಬರಹಗಾರ ತನ್ನ ಪಾಡಿಗೆ ಪೂರ್ತಿ ಚಿತ್ರಕಥೆ ಬರೆಯುತ್ತಾನೆ; ಪುಟಕ್ಕೆ ಒಂದು ನಿಮಿಷದ ಲೆಕ್ಕದಲ್ಲಿ ನೂರಿಪ್ಪತ್ತು ಪುಟದ ಆಸುಪಾಸು. ಏಜೆಂಟ್ ಅದನ್ನು ಒಂದೇ ದಿನ ಹತ್ತಾರು ಕಂಪನಿಗಳಿಗೆ ಕಳಿಸಿ ಹರಾಜಿಗಿಡುತ್ತಾನೆ. ಕೊಂಡವರು ಕೊಂಡರು, ಇಲ್ಲವಾದರೆ ಮೇಜಿನ ಡ್ರಾಯರ್‌ಗೆ. ಅಂದರೆ ಅಲ್ಲಿ ಕೈಬೀಸಿ ಕಥೆ ಹೇಳಲು ಬರಹಗಾರ ಎದುರಿಗಿರುವುದಿಲ್ಲ. ಕಂಪನಿಯ ಕೋಣೆಯಲ್ಲಿ ಆ ವಾರಾಂತ್ಯದ ಹದಿನೈದನೇ ಸ್ಕ್ರಿಪ್ಟ್ ಓದುತ್ತಾ ಆಕಳಿಸುತ್ತಿರುವವನನ್ನು ಕಾಗದವೇ ಎಚ್ಚರವಾಗಿಡಬೇಕು.

ಬ್ಲ್ಯಾಕ್ ಗೆದ್ದದ್ದು ಅಲ್ಲಿ. ಚಿತ್ರಕಥೆಯೆಂದರೆ ಒಳಾಂಗಣ, ಹೊರಾಂಗಣ, ಹಗಲು, ರಾತ್ರಿ ಎಂದು ಒಣಒಣವಾಗಿ ಬರೆಯುವುದು ವಾಡಿಕೆ. ಆತ ಅದರ ನಡುವೆ ಓದುವವನ ಜೊತೆ ಹರಟೆಗಿಳಿದ. 'ಲೆಥಲ್ ವೆಪನ್'ನಲ್ಲಿ ಒಂದು ಐಷಾರಾಮಿ ಮನೆ ಬರುತ್ತದೆ; ಅದರ ವರ್ಣನೆಗೆ, ಈ ಸಿನಿಮಾ ಭರ್ಜರಿಯಾಗಿ ಓಡಿದರೆ ತಾನು ಕೊಳ್ಳುವಂಥ ಮನೆ ಎಂದಷ್ಟೇ ಬರೆದಿದ್ದಾನೆ. ಕ್ಯಾಮೆರಾಗೆ ಇದರಿಂದ ಏನೂ ಉಪಯೋಗವಿಲ್ಲ. ಓದುವವನು ಮಾತ್ರ ನಗುತ್ತಾನೆ, ನಕ್ಕವನು ಮುಂದಿನ ಪುಟ ತಿರುವುತ್ತಾನೆ. ಇಂಥ ಆಪ್ತ ಧಾಟಿಯನ್ನು ಹಿರಿಯ ಚಿತ್ರಕಥೆಗಾರ ವಿಲಿಯಂ ಗೋಲ್ಡ್‌ಮನ್‌ನಿಂದ, ತುಂಡು ತುಂಡು ವಾಕ್ಯಗಳ ಬಿಗಿಯನ್ನು ಇನ್ನೊಬ್ಬ ಚಿತ್ರಕಥೆಗಾರ ವಾಲ್ಟರ್ ಹಿಲ್‌ನಿಂದ ಕಲಿತದ್ದೆಂದು ಬ್ಲ್ಯಾಕ್ ಮುಚ್ಚಿಟ್ಟಿಲ್ಲ. ಆಮೇಲೆ ಲಾಸ್ ಏಂಜಲೀಸ್‌ನ ಹುಡುಗರೆಲ್ಲ ಹಾಗೇ ಬರೆಯಹೋಗಿ, ನಗು ಬರಿಸದ ಚಟಾಕಿಗಳು ಸ್ಕ್ರಿಪ್ಟುಗಳ ತುಂಬ ತುಂಬಿಕೊಂಡವು.

ಬ್ಲ್ಯಾಕ್ ಕಂಪನಿಯ ಜೊತೆ ಮುನಿಸಿಕೊಂಡ ಪ್ರಸಂಗ 'ಲೆಥಲ್ ವೆಪನ್ 2'ರದ್ದು. ಪತ್ತೇದಾರಿ ಕಾದಂಬರಿಕಾರ ವಾರನ್ ಮರ್ಫಿ ಜೊತೆ ಸೇರಿ ಬ್ಲ್ಯಾಕ್ ಬರೆದುಕೊಟ್ಟ ಕಥೆಯ ಕೊನೆಯಲ್ಲಿ ನಾಯಕ ರಿಗ್ಸ್ ಸಾಯುತ್ತಾನೆ. ಓಡುವ ಕುದುರೆಯನ್ನು ಯಾವ ಕಂಪನಿ ಕೊಲ್ಲುತ್ತದೆ? ಬದಲಾಯಿಸಿ ಎಂದರು. ಆತ ಬದಲಾಯಿಸಲಿಲ್ಲ, ಬಿಟ್ಟು ಹೊರಟ. ಚಿತ್ರಕಥೆಯನ್ನು ಜೆಫ್ರಿ ಬೋಮ್ ಬರೆದರು, ರಿಗ್ಸ್ ಬದುಕಿದ, ಇನ್ನೂ ಎರಡು ಭಾಗ ಬಂದವು. ತಾನು ಬರೆದದ್ದರಲ್ಲೆಲ್ಲ ರಿಗ್ಸ್ ಸಾಯುವ ಆ ಕಥೆಯೇ ಒಳ್ಳೆಯದೆಂದು ಬ್ಲ್ಯಾಕ್ ಎಷ್ಟೋ ಕಾಲ ಹೇಳಿಕೊಂಡ. ನಾನಾಗಿದ್ದರೆ ಬದಲಾಯಿಸಿ ಕೊಡುತ್ತಿದ್ದೆ. ಚಾನೆಲ್‌ನವರ ಫೋನ್ ಬಂದು, ಸತ್ತ ಪಾತ್ರವನ್ನು ಕೋಮಾದಿಂದ ಎಬ್ಬಿಸಿದವಳು ನಾನು.

1988ರಲ್ಲಿ ಹಾಲಿವುಡ್‌ನ ಬರಹಗಾರರ ಸಂಘ ಐದು ತಿಂಗಳ ಮುಷ್ಕರ ಹೂಡಿತ್ತು. ಅದು ಮುಗಿದ ಮೇಲೆ ಕಂಪನಿಗಳಿಗೆ ಕಥೆಗಳ ಹಸಿವು. ಸ್ಪೆಕ್ ಸ್ಕ್ರಿಪ್ಟುಗಳ ಹರಾಜು ಜ್ವರದಂತೆ ಏರಿತು. 1990ರಲ್ಲಿ ಬ್ಲ್ಯಾಕ್‌ನ 'ದಿ ಲಾಸ್ಟ್ ಬಾಯ್ ಸ್ಕೌಟ್' 17.5 ಲಕ್ಷ ಡಾಲರ್‌ಗೆ ಹೋಯಿತು. ಅದೇ ವರ್ಷ ಜೋ ಎಸ್ಟರ್‌ಹಾಸ್ 'ಬೇಸಿಕ್ ಇನ್‌ಸ್ಟಿಂಕ್ಟ್'ಗೆ 30 ಲಕ್ಷ ತೆಗೆದುಕೊಂಡು ಆ ದಾಖಲೆಯನ್ನು ಮುರಿದ. ಪತ್ರಿಕೆಗಳು ಕ್ರಿಕೆಟ್ ಸ್ಕೋರಿನಂತೆ ಈ ಅಂಕಿಗಳನ್ನು ಅಚ್ಚುಹಾಕಿದವು. ಕಥೆಯೇನು ಎಂದು ಕೇಳಿದವರು ಕಡಿಮೆ. ಬ್ಲ್ಯಾಕ್ ಲಾಸ್ ಏಂಜಲೀಸ್‌ನಲ್ಲಿ ನಿಜಕ್ಕೂ ದೊಡ್ಡ ಮನೆ ಕೊಂಡ, ಆ ಮನೆಯ ಪಾರ್ಟಿಗಳೂ ಹೆಸರಾದವು. 1993ರ 'ಲಾಸ್ಟ್ ಆ್ಯಕ್ಷನ್ ಹೀರೋ' ಬೇರೆಯವರ ಕಥೆ. ಅದನ್ನು ಗೆಳೆಯ ಡೇವಿಡ್ ಆರ್ನಾಟ್ ಜೊತೆ ತಿದ್ದಿ ಬರೆದುಕೊಟ್ಟ, ಸಿನಿಮಾ ನಿರೀಕ್ಷೆ ಮುಟ್ಟಲಿಲ್ಲ. ಅದಾದ ಮರುವರ್ಷವೇ ಆ 40 ಲಕ್ಷ.

'ದಿ ಲಾಂಗ್ ಕಿಸ್ ಗುಡ್‌ನೈಟ್'ನ ನಾಯಕಿ ನೆನಪು ಕಳೆದುಕೊಂಡ ಸ್ಕೂಲ್ ಟೀಚರ್, ಪುಟ್ಟ ಊರಿನ ಅಮ್ಮ. ಅಡುಗೆಮನೆಯಲ್ಲಿ ಕ್ಯಾರೆಟ್ ಹೆಚ್ಚುತ್ತಾ ಕೈ ತಾನಾಗಿ ಚಾಕುವನ್ನು ಸರಸರ ಆಡಿಸತೊಡಗಿದಾಗ, ತಾನು ಹಿಂದೆ ಬಾಣಸಿಗಳಾಗಿದ್ದಿರಬೇಕು ಎಂದು ಖುಷಿಪಡುತ್ತಾಳೆ. ಆಕೆ ಆಗಿದ್ದದ್ದು ಸಿಐಎಯ ಹಂತಕಿ. ಎಂಥ ಸೀನ್! ಹೆಂಗಸೊಬ್ಬಳ ಇಡೀ ಗತಕಾಲವನ್ನು ತರಕಾರಿ ಹೆಚ್ಚುವ ಕೈಯಲ್ಲಿ ತೋರಿಸುವುದನ್ನು ನೋಡಿದ ರಾತ್ರಿ ನನಗೆ ಹೊಟ್ಟೆಕಿಚ್ಚಾಗಿತ್ತು. ಆದರೆ ಚಿತ್ರಕ್ಕೆ ಗ್ರಹಚಾರ ಕೆಟ್ಟಿತ್ತು. ನಿರ್ದೇಶಕ ರೆನಿ ಹಾರ್ಲಿನ್ ಮತ್ತು ನಟಿ ಜೀನಾ ಡೇವಿಸ್, ಆಗ ಗಂಡ ಹೆಂಡತಿ, ಅದಕ್ಕೆ ಹಿಂದಿನ ವರ್ಷವೇ 'ಕಟ್‌ಥ್ರೋಟ್ ಐಲ್ಯಾಂಡ್' ಎಂಬ ಮಹಾಪತನ ಕಂಡಿದ್ದರು. 6.5 ಕೋಟಿ ಡಾಲರ್ ಸುರಿದ 'ಲಾಂಗ್ ಕಿಸ್' ಅಮೆರಿಕದಲ್ಲಿ ಗಳಿಸಿದ್ದು 3.3 ಕೋಟಿಯಷ್ಟು. ಸೋಲಿನ ಸುದ್ದಿ ಬರೆದವರು ಬರಹಗಾರನ ಆ 40 ಲಕ್ಷವನ್ನು ಮರೆಯದೆ ನೆನೆದರು. ಇಷ್ಟು ತಿಂದು ಇದನ್ನಾ ಬರೆದದ್ದು ಎಂಬ ಧಾಟಿ.

ದುಡ್ಡು ಬಂದದ್ದಕ್ಕೆ ಅಳುವವರನ್ನು ಕಂಡರೆ ನನಗೆ ಕನಿಕರ ಹುಟ್ಟುವುದು ಕಷ್ಟ. ತಿಂಗಳುಗಟ್ಟಲೆ ಪೇಮೆಂಟ್‌ಗೆ ಕಾದವರಿಗೆ ಅದು ಹುಟ್ಟುವುದಿಲ್ಲ. ಆದರೂ ಬ್ಲ್ಯಾಕ್ ನಂತರ ಹೇಳಿಕೊಂಡದ್ದರಲ್ಲಿ ನಿಜವಿದೆ ಅನ್ನಿಸುತ್ತದೆ. ಜನ ತನ್ನ ಬರವಣಿಗೆಯ ಮಾತು ಬಿಟ್ಟು ದುಡ್ಡಿನ ಮಾತನ್ನೇ ಆಡತೊಡಗಿದರು, ತನ್ನನ್ನು ಕಾಸಿಗೆ ಬರೆಯುವವನೆಂದು ಎಣಿಸಿದರು, ಅದು ತನ್ನನ್ನು ಕುಗ್ಗಿಸಿತು ಎಂದಿದ್ದಾನೆ. ಇದರಲ್ಲಿ ಇನ್ನೊಂದು ಲೆಕ್ಕವೂ ಅಡಗಿದೆ. 40 ಲಕ್ಷ ಪಡೆದವನ ಮುಂದಿನ ಸ್ಕ್ರಿಪ್ಟನ್ನು ಯಾರೂ ಸಹಜವಾಗಿ ಓದಲಾರರು. ಇದು 50 ಲಕ್ಷದ್ದೋ ಅಲ್ಲವೋ ಎಂದು ತೂಗುತ್ತಾ ಓದುತ್ತಾರೆ. ಬರೆಯುವವನ ತಲೆಯಲ್ಲೂ ಅದೇ ತಕ್ಕಡಿ ತೂಗುತ್ತಿರುತ್ತದೆ. ಸಣ್ಣ ಕಥೆ ಬರೆಯುವ ಸ್ವಾತಂತ್ರ್ಯವನ್ನು ಆ ದುಡ್ಡು ಕಿತ್ತುಕೊಂಡಿತ್ತು.

ಹಾಲಿವುಡ್‌ನಲ್ಲಿ ಹೀಗೆ ಫೋನ್ ನಿಂತುಹೋದವರಲ್ಲಿ ಆತ ಮೊದಲಿಗನಲ್ಲ. ಆತನ ಗುರುವಿನಂತಿದ್ದ ವಿಲಿಯಂ ಗೋಲ್ಡ್‌ಮನ್ 1967ರಲ್ಲಿ 'ಬುಚ್ ಕ್ಯಾಸಿಡಿ' ಚಿತ್ರಕಥೆಯನ್ನು 4 ಲಕ್ಷ ಡಾಲರ್‌ಗೆ ಮಾರಿ ಆ ಕಾಲದ ದಾಖಲೆ ಮಾಡಿದ್ದ, ಎರಡು ಆಸ್ಕರ್ ಗೆದ್ದಿದ್ದ. 1980ರಿಂದ 85ರವರೆಗೆ ಅವನಿಗೂ ಯಾರೂ ಕೆಲಸ ಕೊಡಲಿಲ್ಲ. ಆ ವರ್ಷಗಳಲ್ಲಿ ತಾನು ಅಸ್ಪೃಶ್ಯ ರೋಗಿಯಂತಾಗಿದ್ದೆ ಎಂದು ಆಮೇಲೆ ಬರೆದುಕೊಂಡ. ಅವನಿಗೆ ಕಾದಂಬರಿ ಇತ್ತು, ಚಿತ್ರರಂಗದ ಒಳಮಾತುಗಳನ್ನು ಬಿಚ್ಚಿಟ್ಟ ಪುಸ್ತಕ ಬರೆದ, 1987ರ 'ದಿ ಪ್ರಿನ್ಸೆಸ್ ಬ್ರೈಡ್'ನೊಂದಿಗೆ ಮರಳಿದ. ಬ್ಲ್ಯಾಕ್ ಬೆನ್ನಿಗೆ ಪುಸ್ತಕಗಳಿರಲಿಲ್ಲ. ಇದ್ದದ್ದು ಮನೆ.

ಸಿನಿಮಾ ಬಾರದ ಆ ಒಂಬತ್ತು ವರ್ಷಗಳಲ್ಲಿ ಬ್ಲ್ಯಾಕ್ ಪೆನ್ನು ಕೆಳಗಿಟ್ಟಿರಲಿಲ್ಲ. ಗುಂಡು ಹಾರದ, ಕಾರು ಉರುಳದ ಒಂದು ಪ್ರೇಮಕಥೆ ಬರೆಯಬೇಕೆಂದು ಹೊರಟ. 'ಟರ್ಮ್ಸ್ ಆಫ್ ಎಂಡಿಯರ್‌ಮೆಂಟ್', 'ಆ್ಯಸ್ ಗುಡ್ ಆ್ಯಸ್ ಇಟ್ ಗೆಟ್ಸ್' ಮಾಡಿದ ಜೇಮ್ಸ್ ಎಲ್. ಬ್ರೂಕ್ಸ್ ಆತನಿಗೆ ಆಸರೆಯಾಗಿ ನಿಂತು, ಕರಡುಗಳನ್ನು ಓದಿ ಸಲಹೆ ಕೊಟ್ಟರು. ಪ್ರೇಮಕಥೆ ಮುಂದಕ್ಕೆ ಹೋಗಲಿಲ್ಲ. ಕೊನೆಗೆ ಬ್ಲ್ಯಾಕ್ ತನಗೆ ಗೊತ್ತಿದ್ದ ಮದ್ದನ್ನೇ ಹಾಕಿದ: ಒಂದು ಕೊಲೆ. ಹೆಣ ಬಿದ್ದೊಡನೆ ಕಥೆಗೆ ಜೀವ ಬಂತು. ಪ್ರೇಮಕಥೆ ಅಲ್ಲೇ ಇತ್ತು; ಅದರ ಸುತ್ತ ಬಾಲ್ಯದಲ್ಲಿ ಓದಿದ ಪತ್ತೇದಾರಿ ಪುಸ್ತಕಗಳೆಲ್ಲ ಬಂದು ಕೂತವು. ಬ್ರೆಟ್ ಹ್ಯಾಲಿಡೇ ಎಂಬ ಹಳೇ ಪತ್ತೇದಾರಿ ಲೇಖಕನ ಕಾದಂಬರಿಯೊಂದರ ಎಳೆಯನ್ನೂ ಸೇರಿಸಿಕೊಂಡ. ಅದೇ 'ಕಿಸ್ ಕಿಸ್ ಬ್ಯಾಂಗ್ ಬ್ಯಾಂಗ್'.

ಆದರೆ ಕೊಳ್ಳುವವರಿಲ್ಲ. ಒಂದು ಕಾಲಕ್ಕೆ ಹರಾಜು ಕೂಗಿದ ಕಂಪನಿಗಳೇ ಬೇಡವೆಂದವು. ಕೊನೆಗೆ ಕೈಹಿಡಿದದ್ದು 'ಲೆಥಲ್ ವೆಪನ್' ನಿರ್ಮಿಸಿದ್ದ ಜೋಯಲ್ ಸಿಲ್ವರ್. ವಾರ್ನರ್ ಬ್ರದರ್ಸ್‌ನಿಂದ ಸುಮಾರು 1.5 ಕೋಟಿ ಡಾಲರ್ ಹೊಂದಿಸಿಕೊಟ್ಟ. ಹದಿನೆಂಟು ವರ್ಷ ಹಿಂದಿನ 'ಲೆಥಲ್ ವೆಪನ್'ಗೂ ಇಷ್ಟೇ ಖರ್ಚಾಗಿತ್ತು. ಅಷ್ಟರಲ್ಲಿ ಎಲ್ಲದರ ಬೆಲೆ ಎಷ್ಟು ಏರಿತ್ತು ಎಂಬುದನ್ನು ಯೋಚಿಸಿ. ಈ ಸಲ ಬ್ಲ್ಯಾಕ್ ತಾನೇ ನಿರ್ದೇಶಿಸಿದ. ಹಾಲಿವುಡ್‌ನಲ್ಲಿ ಚಿತ್ರಕಥೆ ಮಾರಿದ ಗಳಿಗೆಯಿಂದ ಅದರ ಕೃತಿಸ್ವಾಮ್ಯ ಕಂಪನಿಯದ್ದು. ನಾಟಕಕಾರನ ಅಪ್ಪಣೆಯಿಲ್ಲದೆ ಅವನ ಮಾತು ಬದಲಿಸುವಂತಿಲ್ಲ, ಚಿತ್ರಕಥೆಗಾರನನ್ನು ಕೇಳಬೇಕಾಗಿಯೇ ಇಲ್ಲ. ಬರೆದದ್ದು ಉಳಿಯಬೇಕಾದರೆ ಕ್ಯಾಮೆರಾದ ಹಿಂದೆ ತಾನೇ ನಿಲ್ಲಬೇಕು, ಹಾಗೆ ನಿಲ್ಲಲು ಬಿಡಬೇಕಾದರೆ ಅಗ್ಗವಾಗಿರಬೇಕು. 40 ಲಕ್ಷದ ಬರಹಗಾರನಿಗೆ ಸಿಗದಿದ್ದ ಅಧಿಕಾರ ಯಾರೂ ಕೊಳ್ಳದ ಬರಹಗಾರನಿಗೆ ಸಿಕ್ಕಿತು.

ನಟನೂ ಅಗ್ಗಕ್ಕೇ ಸಿಕ್ಕವನು. ರಾಬರ್ಟ್ ಡೌನಿ ಜೂನಿಯರ್ 'ಚಾಪ್ಲಿನ್' ಪಾತ್ರಕ್ಕೆ ಆಸ್ಕರ್ ನಾಮನಿರ್ದೇಶನ ಪಡೆದವನು. ಮಾದಕ ವಸ್ತುಗಳಿಂದಾಗಿ 1996ರಿಂದ ಮತ್ತೆ ಮತ್ತೆ ಬಂಧನ, ಕೋರ್ಟು, ಕಡೆಗೆ ಕ್ಯಾಲಿಫೋರ್ನಿಯಾದ ಜೈಲು. ಹಾಲಿವುಡ್‌ನಲ್ಲಿ ಮುಖ್ಯ ನಟನಿಗೆ ವಿಮೆ ಇಲ್ಲದೆ ಶೂಟಿಂಗ್ ಶುರುವಾಗುವುದಿಲ್ಲ. ನಡುವೆ ಆತ ಕೈಕೊಟ್ಟರೆ ನಷ್ಟ ಭರಿಸುವವರು ಬೇಕು, ಡೌನಿಗೆ ವಿಮೆ ಕೊಡುವವರೇ ಇರಲಿಲ್ಲ. 2003ರ 'ದಿ ಸಿಂಗಿಂಗ್ ಡಿಟೆಕ್ಟಿವ್'ಗೆ ಆ ಹೊಣೆಯ ದುಡ್ಡು ಕಟ್ಟಿದವನು ಮೆಲ್ ಗಿಬ್ಸನ್, ಬ್ಲ್ಯಾಕ್ ಬರೆದ ರಿಗ್ಸ್ ಪಾತ್ರದಿಂದ ದೊಡ್ಡವನಾದ ಅದೇ ಗಿಬ್ಸನ್. ಅದೇ ವರ್ಷದ 'ಗೋಥಿಕಾ'ದಲ್ಲಿ ಜೋಯಲ್ ಸಿಲ್ವರ್ ಡೌನಿಯ ಸಂಭಾವನೆಯ ಶೇ. 40ರಷ್ಟನ್ನು ಶೂಟಿಂಗ್ ಮುಗಿಯುವ ತನಕ ಹಿಡಿದಿಟ್ಟುಕೊಂಡ. ಆ ಚಿತ್ರದಲ್ಲೇ ಸಿಲ್ವರ್ ಕಂಪನಿಯ ಸೂಸನ್ ಲೆವಿನ್ ಪರಿಚಯವಾದಳು, 2005ರಲ್ಲಿ ಅವರ ಮದುವೆಯೂ ಆಯಿತು.

ಡೌನಿ ಇಲ್ಲಿ ಹ್ಯಾರಿ ಎಂಬ ನ್ಯೂಯಾರ್ಕಿನ ಚಿಲ್ಲರೆ ಕಳ್ಳ. ಆಟಿಕೆ ಅಂಗಡಿಗೆ ಕನ್ನ ಹಾಕಿದಾಗ ಜೊತೆಗಾರನಿಗೆ ಗುಂಡೇಟು ಬಿದ್ದು, ಪೊಲೀಸರಿಂದ ತಪ್ಪಿಸಿಕೊಳ್ಳಲು ಓಡಿ ಒಂದು ಕೋಣೆಗೆ ನುಗ್ಗುತ್ತಾನೆ. ಅಲ್ಲಿ ಸಿನಿಮಾ ಆಡಿಶನ್ ನಡೆಯುತ್ತಿದೆ. ಕೈಗೆ ಕೊಟ್ಟ ಕಾಗದದಲ್ಲೂ ಗೆಳೆಯನ ಸಾವಿಗೆ ಕಾರಣನಾದವನ ಮಾತು. ಹ್ಯಾರಿ ನಿಜವಾಗಿ ಒಡೆದು ಅಳುತ್ತಾನೆ. ಎಂಥ ನಟನೆ ಎಂದು ಅವರು ಬೆರಗಾಗಿ ಅವನನ್ನು ಲಾಸ್ ಏಂಜಲೀಸ್‌ಗೆ ಕಳಿಸುತ್ತಾರೆ. ಅಲ್ಲಿ ಪತ್ತೇದಾರನ ಪಾತ್ರಕ್ಕೆ ತರಬೇತಿ ಕೊಡುವವನು ಪೆರಿ ಎಂಬ ಅಸಲಿ ಖಾಸಗಿ ಪತ್ತೇದಾರ, ಆ ಪಾತ್ರ ಮಾಡಿದವನು 2025ರಲ್ಲಿ ತೀರಿಕೊಂಡ ವಾಲ್ ಕಿಲ್ಮರ್. ಪೆರಿ ಸಲಿಂಗಕಾಮಿ. 2005ರ ಹಾಲಿವುಡ್ ಹೊಡೆದಾಟದ ಚಿತ್ರದಲ್ಲಿ ಅಂಥವನು ಇದ್ದರೆ ನಗೆಪಾಟಲಿಗೆ ಮಾತ್ರ. ಇಲ್ಲಿ ಎಲ್ಲರಿಗಿಂತ ಬುದ್ಧಿವಂತ, ಎಲ್ಲರಿಗಿಂತ ಧೈರ್ಯಸ್ಥ ಅವನೇ. ಊರಿನ ಹಳೇ ಗೆಳತಿ ಹಾರ್ಮನಿ, ನಟಿಯಾಗಲು ಬಂದು ವರ್ಷಗಳಾದವಳು, ಒಂದು ಪಾರ್ಟಿಯಲ್ಲಿ ಸಿಗುತ್ತಾಳೆ. ಅವಳು ಮತ್ತು ಹ್ಯಾರಿ ಇಬ್ಬರೂ ಬಾಲ್ಯದಲ್ಲಿ ಒಂದೇ ಪತ್ತೇದಾರಿ ಪುಸ್ತಕ ಸರಣಿ ಓದಿ ಬೆಳೆದವರು.

ಕಥೆ ಹೇಳುವವನೂ ಹ್ಯಾರಿಯೇ, ಅದೂ ಕೆಟ್ಟದಾಗಿ. ನಡುವೆ ಏನೋ ಮರೆತೆ ಎಂದು ಫಿಲ್ಮನ್ನು ನಿಲ್ಲಿಸುತ್ತಾನೆ, ಹಿಂದಕ್ಕೆ ಹೋಗುತ್ತಾನೆ, ಬೇಡದ ಸೀನ್ ಹಾಕಿದ್ದಕ್ಕೆ ತನ್ನನ್ನು ತಾನೇ ಬೈದುಕೊಳ್ಳುತ್ತಾನೆ. ಕಾಗದದ ಮೇಲೆ ಓದುಗನ ಜೊತೆ ಬ್ಲ್ಯಾಕ್ ಆಡುತ್ತಿದ್ದ ಹರಟೆ ಮೊದಲ ಬಾರಿಗೆ ಪರದೆಯ ಮೇಲೆ ಬಂತು. ಅದುವರೆಗೆ ನಿರ್ದೇಶಕರು ಅದನ್ನು ಓದಿ ನಕ್ಕು ಬಿಟ್ಟುಬಿಡುತ್ತಿದ್ದರು, ಪ್ರೇಕ್ಷಕನಿಗೆ ತಲುಪುತ್ತಲೇ ಇರಲಿಲ್ಲ. ಒಂದು ಸೀನ್ ಹೇಳುತ್ತೇನೆ. ಖಳನೊಬ್ಬನ ಬಾಯಿ ಬಿಡಿಸಲು ಹ್ಯಾರಿ ರಿವಾಲ್ವರಿಗೆ ಒಂದೇ ಗುಂಡು ಹಾಕಿ, ತಿರುಗಿಸಿ, ಸಿನಿಮಾದ ಹೀರೋಗಳಂತೆ ಹಣೆಗಿಟ್ಟು ಕುದುರೆ ಎಳೆಯುತ್ತಾನೆ. ಮೊದಲನೇ ಸಲಕ್ಕೇ ಗುಂಡು ಹಾರಿ ಖಳ ಸತ್ತುಬೀಳುತ್ತಾನೆ. ಪೆರಿಗೆ ತಲೆಕೆಡುತ್ತದೆ. ಸಾಧ್ಯತೆ ಬಹಳ ಕಡಿಮೆ ಇತ್ತಲ್ಲ ಎಂದು ಹ್ಯಾರಿ ಒದರುತ್ತಾನೆ, ನಿನಗೆ ಗಣಿತ ಕಲಿಸಿದವರ್‍ಯಾರು ಎಂದು ಪೆರಿ ಕಿರುಚುತ್ತಾನೆ. ಬ್ಲ್ಯಾಕ್ ತಾನೇ ಜನಪ್ರಿಯಗೊಳಿಸಿದ ಹೀರೋಗಿರಿಯ ಕಾಲೆಳೆದದ್ದು ಹೀಗೆ. ಎಲ್ಲವೂ ನಡೆಯುವುದು ಕ್ರಿಸ್‌ಮಸ್ ಸಮಯದಲ್ಲಿ; ಆತನ ಬಹುಪಾಲು ಕಥೆಗಳು ಹಾಗೆಯೇ. ಹಬ್ಬದ ದಿನ ಒಬ್ಬನೇ ಇರುವವನ ಒಂಟಿತನ ಎದ್ದು ಕಾಣುತ್ತದೆ ಎಂಬುದು ಆತ ಕೊಡುವ ಕಾರಣ. ನಮ್ಮ ಧಾರಾವಾಹಿಗಳಲ್ಲಿ ಹಬ್ಬ ಬಂದರೆ ಒಂಟಿಯಾಗಿರಲು ಯಾರನ್ನೂ ಬಿಡುವುದಿಲ್ಲ, ಎಲ್ಲರನ್ನೂ ರಂಗೋಲಿಯ ಸುತ್ತ ನಿಲ್ಲಿಸುತ್ತೇವೆ.

2005ರ ಮೇ ತಿಂಗಳಲ್ಲಿ ಚಿತ್ರವನ್ನು ಕಾನ್ ಉತ್ಸವದಲ್ಲಿ ಸ್ಪರ್ಧೆಯ ಹೊರಗೆ ತೋರಿಸಿದರು, ವಿಮರ್ಶಕರು ಮೆಚ್ಚಿದರು. ಅಕ್ಟೋಬರ್‌ನಲ್ಲಿ ಅಮೆರಿಕದ ಥಿಯೇಟರುಗಳಿಗೆ ಬಂದಾಗ 42 ಲಕ್ಷ ಡಾಲರ್ ಆಸುಪಾಸಿಗೆ ನಿಂತಿತು, ಜಗತ್ತೆಲ್ಲ ಸೇರಿ 1.6 ಕೋಟಿ ಮುಟ್ಟಲಿಲ್ಲ. ಮರಳಿ ಬಂದ, ಗೆದ್ದ ಎಂದು ಬರೆಯುವವರು ಈ ಅಂಕಿಯನ್ನು ಬದಿಗಿಡುತ್ತಾರೆ. ಆ ವರ್ಷ ಆತ ಗೆದ್ದಿರಲಿಲ್ಲ. ಎರಡನೇ ಸಿನಿಮಾ ನಿರ್ದೇಶಿಸಲು ಇನ್ನೂ ಎಂಟು ವರ್ಷ ಹಿಡಿಯಿತು.

ಅಷ್ಟರಲ್ಲಿ ಡೌನಿಯ ದಿನಮಾನ ತಿರುಗಿತು. 2008ರಲ್ಲಿ ಮಾರ್ವೆಲ್ ಕಂಪನಿ ಆತನನ್ನು 'ಅಯರ್ನ್ ಮ್ಯಾನ್' ಮಾಡಿತು. ತನಗೆ ಆ ಪಾತ್ರ ಸಿಗುವುದಕ್ಕೆ 'ಕಿಸ್ ಕಿಸ್ ಬ್ಯಾಂಗ್ ಬ್ಯಾಂಗ್' ದಾರಿಯಾಯಿತು ಎಂದು ಡೌನಿ ಹೇಳಿದ್ದಾನೆ. ಅಯರ್ನ್ ಮ್ಯಾನ್ ಆಗುವ ಟೋನಿ ಸ್ಟಾರ್ಕ್‌ನ ಪಟಪಟ ಮಾತು, ತನ್ನನ್ನು ತಾನೇ ಗೇಲಿ ಮಾಡಿಕೊಳ್ಳುವ ಧಾಟಿ ಹ್ಯಾರಿಯಲ್ಲೇ ಇತ್ತು, ಬೇಕಾದರೆ ಎರಡನ್ನೂ ಒಟ್ಟಿಗೆ ನೋಡಿ. ಮೂರನೇ ಭಾಗಕ್ಕೆ ನಿರ್ದೇಶಕ ಬೇಕಾದಾಗ ಅದು ಬ್ಲ್ಯಾಕ್ ಕೈಗೆ ಬಂತು. ಒಂದೇ ಸಿನಿಮಾ, ಅದೂ ದುಡ್ಡು ಮಾಡದ ಸಿನಿಮಾ ನಿರ್ದೇಶಿಸಿದವನಿಗೆ 20 ಕೋಟಿ ಡಾಲರ್ ಬಜೆಟ್! ಡ್ರೂ ಪಿಯರ್ಸ್ ಜೊತೆ ಸೇರಿ ಚಿತ್ರಕಥೆ ಬರೆದ. 'ಅಯರ್ನ್ ಮ್ಯಾನ್ 3' ಗಳಿಸಿದ್ದು 120 ಕೋಟಿ ಡಾಲರ್‌ಗೂ ಮೇಲೆ.

ಆ ಚಿತ್ರ ಅಮೆರಿಕಕ್ಕಿಂತ ಒಂದು ವಾರ ಮೊದಲು, 2013ರ ಏಪ್ರಿಲ್ 26ರಂದು, ಭಾರತದಲ್ಲಿ ಬಿಡುಗಡೆಯಾಯಿತು. ಹಿಂದಿ, ತಮಿಳು, ತೆಲುಗಿನಲ್ಲಿತ್ತು. ಕನ್ನಡದಲ್ಲಿ ಇರಲಿಲ್ಲ, ಆಗ ಡಬ್ಬಿಂಗ್‌ಗೆ ನಮ್ಮ ಚಿತ್ರರಂಗದ ವಿರೋಧವಿತ್ತು, ವಿರೋಧಿಸಿದವರ ಸಾಲಿನಲ್ಲಿ ನಾನೂ ಇದ್ದೆ. ಬೆಂಗಳೂರಿನಲ್ಲಿ ನನ್ನ ತಂಗಿಯ ಮಗನನ್ನು ಕರೆದುಕೊಂಡು ಇಂಗ್ಲಿಷಿನಲ್ಲೇ ನೋಡಿದೆ. ಅವನು ಹಾರುವ ಸೂಟುಗಳನ್ನು ಎಣಿಸುತ್ತಿದ್ದ. ನನಗೆ ಕಂಡದ್ದು ಬೇರೆ. ಶುರುವಿನಲ್ಲೇ ನಾಯಕನ ಧ್ವನಿ ಕಥೆ ಹೇಳಲು ಹೋಗಿ ತಡವರಿಸಿ ಮತ್ತೆ ಮೊದಲಿನಿಂದ ಹಿಡಿಯುತ್ತದೆ. ಕ್ರಿಸ್‌ಮಸ್ ಮರ. ಸೂಟು ಕೆಟ್ಟು ಟೆನೆಸಿಯ ಒಂದು ಸಣ್ಣ ಊರಿನ ಗ್ಯಾರೇಜಿನಲ್ಲಿ ಬಿದ್ದ ಕೋಟ್ಯಧೀಶ, ಅವನ ಮಾತಿಗೆ ಮಾತು ಕೊಡುವ ಒಬ್ಬ ಹುಡುಗ. ಸೂಪರ್‌ಹೀರೋ ಚಿತ್ರದ ನಡುವೆ ಇಪ್ಪತ್ತು ನಿಮಿಷ ಪತ್ತೇದಾರಿ ಕಥೆ ನಡೆಯುತ್ತದೆ. ಖಳನಾಯಕ ಮ್ಯಾಂಡರಿನ್ ಎಂದು ನಾವು ನಂಬಿದ್ದ ಬೆನ್ ಕಿಂಗ್ಸ್ಲೆ, ಅರ್ಧ ದಾರಿಯಲ್ಲಿ, ಬಾಡಿಗೆಗೆ ತಂದ ಒಬ್ಬ ಕುಡುಕ ನಾಟಕ ನಟ ಎಂದು ಬಯಲಾದಾಗ ನಾನು ಸೀಟಿನಲ್ಲಿ ಜೋರಾಗಿ ನಕ್ಕೆ. ಕಾಮಿಕ್ಸ್ ಅಭಿಮಾನಿಗಳು ಇದಕ್ಕೆ ಬ್ಲ್ಯಾಕ್‌ನನ್ನು ಇವತ್ತಿಗೂ ಕ್ಷಮಿಸಿಲ್ಲ. ಮನೆಗೆ ಬರುವ ದಾರಿಯಲ್ಲಿ ತಂಗಿಯ ಮಗನೂ ಮುಖ ಊದಿಸಿಕೊಂಡಿದ್ದ.

ಈ ಗೆಲುವಿನಿಂದ ಬ್ಲ್ಯಾಕ್ ಮಾಡಿಕೊಂಡ ಕೆಲಸ ನನಗೆ ಇಷ್ಟ. ಅಜ್ಞಾತವಾಸದ ದಿನಗಳಲ್ಲಿ, 2001ರ ಹೊತ್ತಿಗೆ, ಆ್ಯಂಟನಿ ಬಗರೋಜಿ ಜೊತೆ ಬರೆಯತೊಡಗಿದ್ದ ಒಂದು ಕಥೆ ಆತನ ಬಳಿ ಇತ್ತು. ಆಗ ಯಾರಿಗೂ ಬೇಡವಾಗಿತ್ತು. ಟಿ.ವಿ. ಸರಣಿ ಮಾಡೋಣವೆಂದು ನೋಡಿದರು, ಅದೂ ನಡೆಯಲಿಲ್ಲ. ಕಥೆಯನ್ನು 1977ರ ಲಾಸ್ ಏಂಜಲೀಸ್‌ಗೆ ಒಯ್ದರು. 2016ರಲ್ಲಿ ಅದು ರಸೆಲ್ ಕ್ರೋ, ರಯಾನ್ ಗಾಸ್ಲಿಂಗ್ ನಟಿಸಿದ 'ದಿ ನೈಸ್ ಗೈಸ್' ಆಗಿ ಬಂತು. ಕೈಯಿಂದಲೇ ಮಾತಾಡುವ ಒಬ್ಬ, ಕುಡಿದು ಎಡವುವ ಇನ್ನೊಬ್ಬ, ಇಬ್ಬರಿಗಿಂತ ಚುರುಕಾದ ಒಬ್ಬ ಪುಟ್ಟ ಮಗಳು. 5 ಕೋಟಿ ಡಾಲರ್‌ನಲ್ಲಿ ತೆಗೆದದ್ದು 6 ಕೋಟಿಗೆ ಚೂರು ಮೇಲೆ ಗಳಿಸಿತು, ಅಂದರೆ ಥಿಯೇಟರಿನವರ ಪಾಲು ಕಳೆದರೆ ನಷ್ಟ. ಎರಡನೇ ಭಾಗ ಯಾವಾಗ ಎಂದು ಅಭಿಮಾನಿಗಳು ಕೇಳುತ್ತಲೇ ಇದ್ದಾರೆ.

2018ರ 'ದಿ ಪ್ರಿಡೇಟರ್' ಬಗ್ಗೆ ಹೇಳುವುದು ಹೆಚ್ಚಿಲ್ಲ. 1987ರ ಮೊದಲ 'ಪ್ರಿಡೇಟರ್'ನಲ್ಲಿ ಬ್ಲ್ಯಾಕ್ ಕನ್ನಡಕ ಹಾಕಿಕೊಂಡು ಪೋಲಿ ಜೋಕು ಹೇಳುವ ಸೈನಿಕನಾಗಿ ನಟಿಸಿ, ಆ ತಂಡದಲ್ಲಿ ಎಲ್ಲರಿಗಿಂತ ಮೊದಲು ಸತ್ತಿದ್ದ. ಹಳೇ ಗೆಳೆಯ ಡೆಕರ್ ಜೊತೆ ಬರೆದು ನಿರ್ದೇಶಿಸಿದ ಈ ಹೊಸದು ಗಡಿಬಿಡಿಯ ಸಿನಿಮಾ. ಬಿಡುಗಡೆಗೆ ಸ್ವಲ್ಪ ಮುಂಚೆ, ಲೈಂಗಿಕ ಅಪರಾಧದಲ್ಲಿ ಶಿಕ್ಷೆಯಾಗಿದ್ದ ತನ್ನ ಗೆಳೆಯನೊಬ್ಬನಿಗೆ ಬ್ಲ್ಯಾಕ್ ಸಹನಟರಿಗೆ ತಿಳಿಸದೆ ಸಣ್ಣ ಪಾತ್ರ ಕೊಟ್ಟಿದ್ದು ಹೊರಬಂತು. ನಟಿ ಒಲಿವಿಯಾ ಮನ್ ದನಿಯೆತ್ತಿದ ಮೇಲೆ ಕಂಪನಿ ಆ ಸೀನನ್ನೇ ತೆಗೆಯಿತು. ಮೊದಲು ಸಮರ್ಥಿಸಿಕೊಂಡ ಬ್ಲ್ಯಾಕ್ ಆಮೇಲೆ ಕ್ಷಮೆ ಕೇಳಿದ. ಆಕೆ ಮಾಡಿದ್ದೇ ಸರಿ. ಮತ್ತೆ ಏಳು ವರ್ಷ ಆತನ ಸಿನಿಮಾ ಬರಲಿಲ್ಲ. 2025ರ ಅಕ್ಟೋಬರ್‌ನಲ್ಲಿ ಮಾರ್ಕ್ ವಾಲ್‌ಬರ್ಗ್ ನಟಿಸಿದ 'ಪ್ಲೇ ಡರ್ಟಿ' ಅಮೆಜಾನ್ ಪ್ರೈಮ್‌ನಲ್ಲಿ ಬಂತು. ಡೊನಾಲ್ಡ್ ವೆಸ್ಟ್‌ಲೇಕ್ ಬೇರೆ ಹೆಸರಿನಲ್ಲಿ ಬರೆದ ಪಾರ್ಕರ್ ಎಂಬ ಕಳ್ಳನ ಕಾದಂಬರಿಗಳು ಅದಕ್ಕೆ ಆಧಾರ, ಮತ್ತೆ ಅದೇ ಪತ್ತೇದಾರಿ ಕಪಾಟು.

ಆತನ ಸಿನಿಮಾ ಒಂದೂ ನೋಡಿಲ್ಲದವರು 'ದಿ ನೈಸ್ ಗೈಸ್'ನಿಂದ ಶುರುಮಾಡಿ, ಆಮೇಲೆ 'ಕಿಸ್ ಕಿಸ್ ಬ್ಯಾಂಗ್ ಬ್ಯಾಂಗ್' ನೋಡಿ. ಎರಡನೆಯದರ ಕಥೆ ಮೊದಲ ಸಲಕ್ಕೆ ಪೂರ್ತಿ ಅರ್ಥವಾಗುವುದಿಲ್ಲ, ಚಿಂತೆ ಬೇಡ. 'ದಿ ಲಾಂಗ್ ಕಿಸ್ ಗುಡ್‌ನೈಟ್'ಗೆ ಈಗ ಬೇರೆಯೇ ಮರ್ಯಾದೆ ಇದೆ. ಅದರಲ್ಲಿ ಖಾಸಗಿ ಪತ್ತೇದಾರನಾದ ಸ್ಯಾಮ್ಯುಯೆಲ್ ಎಲ್. ಜಾಕ್ಸನ್ ತನ್ನ ಚಿತ್ರಗಳಲ್ಲಿ ತನಗೆ ಬಹಳ ಇಷ್ಟವಾದವುಗಳಲ್ಲಿ ಅದೊಂದು ಎನ್ನುತ್ತಾನೆ. ಮಕ್ಕಳ ಜೊತೆ ಕೂತು ನೋಡುವಂಥದ್ದು 'ಅಯರ್ನ್ ಮ್ಯಾನ್ 3' ಒಂದೇ. ಮಿಕ್ಕವುಗಳಲ್ಲಿ ಬೈಗುಳ ಎಷ್ಟಿದೆ ಎಂದರೆ, ನಮ್ಮ ಅತ್ತೆ ಪಾತ್ರದವರು ಕೇಳಿದರೆ ನೋಟ್ಸ್ ಮಾಡಿಕೊಳ್ಳುತ್ತಾರೆ.